ಬೆಕ್ಕಿನಕ್ಕನ ಹಾಜರಿ

ಆಯಾ ಮತ್ತು ಬೆಕ್ಕಿನಕ್ಕ ಒಮ್ಮೆಯೂ ಎದುರುಬದುರು ಕೂತು ಮಾತಾಡಿದವರಲ್ಲ. ಇಬ್ಬರ ಊರುಗಳ ನಡುವೆ ಒಂದು ಹಗಲಿನ ರೈಲು ದಾರಿ. ಆದರೂ ಬೆಕ್ಕಿನಕ್ಕನ ಹೊಲಿಗೆ ಮಷೀನು ಹೇಗೆ ಕಿರುಗುಟ್ಟುತ್ತದೆ, ಅವಳ ಮನೆಯ ಮಾಲೀಕ ಮೆಟ್ಟಿಲು ಹತ್ತುವಾಗ ಹೇಗೆ ಏದುಸಿರು ಬಿಡುತ್ತಾನೆ, ಅವಳ ಬೆಕ್ಕು ಯಾವ ಹೊತ್ತಿಗೆ ದಾರದ ಡಬ್ಬಿಯ ಮೇಲೆ ಮಲಗುತ್ತದೆ ಎನ್ನುವುದೆಲ್ಲ ಆಯಾಗೆ ಸ್ವಂತ ನಾದಿನಿಯ ಸಂಸಾರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಈ ಕಾಲದ ಸ್ನೇಹವೇ ಹೀಗೆ. ಅಂಗೈಯಗಲದ ಗಾಜಿನೊಳಗೆ ಊರೆಲ್ಲ ನೆಂಟರು. ಮನೆಗೆ ಬೆಂಕಿ ಬಿದ್ದರೆ ಒಂದು ಕೊಡ ನೀರು ತರುವವರು ಮಾತ್ರ ಅದರಲ್ಲಿ ಯಾರೂ ಇರುವುದಿಲ್ಲ.

ಇಬ್ಬರನ್ನೂ ಗಂಟು ಹಾಕಿದ್ದು ಹತ್ತನೇ ತರಗತಿ. ಆಯಾ ಒಂದು ಶಿಶುವಿಹಾರದಲ್ಲಿ ಕೂಸುಗಳನ್ನು ಮಲಗಿಸಿ, ಏಳಿಸಿ, ತೊಳೆದು, ಒರೆಸಿ ನಡುವಯಸ್ಸಿಗೆ ಬಂದವಳು. ಒಂದು ದಿನ ಅಲ್ಲಿನ ಒಡತಿ ಕರೆದು ಕೂರಿಸಿಕೊಂಡಳು. "ಬರೋ ವರ್ಷದಿಂದ ಹತ್ತನೇ ಕ್ಲಾಸ್ ಪಾಸಾಗದವರು ಮಕ್ಕಳನ್ನ ಮುಟ್ಟೋ ಹಾಗಿಲ್ಲ ಅಂತ ಮೇಲಿನವರು ಹೇಳಿದ್ದಾರೆ ಆಯಾ. ನಿನ್ನ ಬಿಡೋಕೆ ನನಗೆ ಮನಸ್ಸಿಲ್ಲ. ಒಂದು ಸರ್ಟಿಫಿಕೇಟ್ ತಂದುಕೊಡು, ಅಷ್ಟೇ." ಏಳನೆಯದಕ್ಕೆ ಶಾಲೆ ಬಿಟ್ಟವಳಿಗೆ ಆ "ಅಷ್ಟೇ" ಬೆಟ್ಟದಷ್ಟು. ಮನೆಯಲ್ಲಿ ಅತ್ತೆ ಇದ್ದಳು. ಲಾರಿ ಓಡಿಸುವ ಗಂಡ ಬಂದಾಗ ಬಂದ, ಕೊಟ್ಟಾಗ ಕೊಟ್ಟ. ಒಲೆ ಉರಿಯುತ್ತಿದ್ದುದು ಆಯಾಳ ಸಂಬಳದಿಂದ. ಬೇರೆ ದಾರಿ ಕಾಣದೆ ದೂರಶಿಕ್ಷಣದ ಶಾಲೆಗೆ ಹೆಸರು ಕೊಟ್ಟಳು.

ಆ ಶಾಲೆಗೆ ಗೋಡೆಯಿಲ್ಲ, ಬೆಂಚಿಲ್ಲ. ಇದ್ದದ್ದು ಫೋನಿನಲ್ಲಿ ಒಂದು ಆ್ಯಪ್. ಅದಕ್ಕೆ ಅಂಗಳ ಎಂದು ಚೆಂದದ ಹೆಸರಿಟ್ಟಿದ್ದರು. ಓದುವವರ ಮನೆಯವರೂ ಅದರಲ್ಲಿ ಬರಹ ನೋಡಬಹುದಿತ್ತು, ಸಂದೇಶ ಕಳಿಸಬಹುದಿತ್ತು. ನಾಲ್ಕು ನಾಲ್ಕು ಜನರ ಗುಂಪು ಮಾಡಿ ಅಂಗಳಕ್ಕೆ ಬಿಟ್ಟಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಬರಹ ಹಾಕಬೇಕು, ಗುಂಪಿನ ಉಳಿದವರ ಬರಹದ ಕೆಳಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕು. ಒಬ್ಬರು ಒಂದು ವಾರ ತಪ್ಪಿಸಿದರೂ ಇಡೀ ಗುಂಪು ಆ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಯಾರಾದರೂ ಸುಮ್ಮನಾದರೆ ಉಳಿದ ಮೂವರು ಹೋಗಿ ವಿಚಾರಿಸಲಿ, ಕೈಹಿಡಿದು ಎಳೆದು ತರಲಿ ಎಂದು ಯಾರೋ ಪುಣ್ಯಾತ್ಮರು ತಣ್ಣನೆಯ ಕೋಣೆಯಲ್ಲಿ ಕೂತು ಮಾಡಿದ ನಿಯಮ. ಕೇಳಲು ಎಷ್ಟು ಸೊಗಸು. ಆದರೆ ಹಸಿದವರ ಮುಂದೆ ನಿಯಮ ಇಟ್ಟರೆ ಅವರು ಮೊದಲು ಹುಡುಕುವುದು ಅದರ ಹಿಂಬಾಗಿಲನ್ನು.

ಆಯಾಳ ಗುಂಪಿನಲ್ಲಿ ಬಸ್ಸಿನ ಕಂಡಕ್ಟರ್ ಒಬ್ಬನಿದ್ದ. ಡಿಪೋದಲ್ಲಿ ಕುರ್ಚಿಯ ಕೆಲಸ ಸಿಗಬೇಕಾದರೆ ಅವನಿಗೂ ಈ ಸರ್ಟಿಫಿಕೇಟೇ ಬೇಕು. ಎಳೆಗೂಸಿನ ತಾಯಿಯೊಬ್ಬಳಿದ್ದಳು; ಮೂವರೂ ಅವಳನ್ನು ಬಾಣಂತಿ ಎಂದೇ ಕರೆಯುತ್ತಿದ್ದರು. ನಾಲ್ಕನೆಯವಳು ಬೆಕ್ಕಿನಕ್ಕ. ಮೊದಲ ವಿಡಿಯೊ ಪಾಠದ ದಿನ ಅವಳ ಬೆಕ್ಕು ಕ್ಯಾಮೆರಾದ ಮುಂದೆ ಬೆನ್ನು ತಿರುಗಿಸಿ ಕೂತುಬಿಟ್ಟಿತ್ತು. ಪಾಠದ ಮೇಡಂ, "ಇವರ ಹೆಸರೇನು?" ಎಂದು ಕೇಳಿದಾಗ ಬೆಕ್ಕಿನ ಹಿಂದಿನಿಂದ, "ಇದು ನನ್ನ ಹಾಜರಿ ಮೇಡಂ, ನಾನು ಹಿಂದೆ ಇದ್ದೀನಿ" ಎಂಬ ದನಿ ಬಂತು. ಅವತ್ತಿನಿಂದ ಅವಳಿಗೆ ಆ ಹೆಸರೇ ಗಟ್ಟಿಯಾಯಿತು.

ಬೆಕ್ಕಿನಕ್ಕ ಒಂಟಿ. ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದು ಬದುಕುತ್ತಿದ್ದಳು. ಕಣ್ಣು ಸೋತಿತ್ತು, ಫೋನೂ ಮುದಿಯಾಗಿತ್ತು. ಅದರಲ್ಲಿ ಅಂಗಳ ತೆರೆದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಅವಳು ತನ್ನ ಪಾಸ್‌ವರ್ಡನ್ನು ಆಯಾಗೆ ಒಪ್ಪಿಸಿಬಿಟ್ಟಿದ್ದಳು. ಹೇಳಬೇಕಾದ್ದನ್ನು ದನಿಯಲ್ಲಿ ಕಳಿಸುತ್ತಿದ್ದಳು, ಆಯಾ ಟೈಪು ಮಾಡಿ ಅವಳ ಹೆಸರಿನಲ್ಲಿ ಹಾಕುತ್ತಿದ್ದಳು. ಯಾವ ಬರಹವಾದರೂ ಬೆಕ್ಕಿನಿಂದಲೇ ಶುರು. ನೀರಿನ ಮಹತ್ವ ಬರೆಯಿರಿ ಎಂದರೂ, ಇವತ್ತು ನಮ್ಮ ಬೆಕ್ಕು ನೀರಿನ ಬಕೆಟ್ಟಿಗೆ ಬಿದ್ದು ನನ್ನನ್ನೇ ಗುರಾಯಿಸಿತು ಎಂದು ಆರಂಭ. ಆ ದನಿ ಬಂದಾಗಲೆಲ್ಲ ಅತ್ತೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಸೊಸೆಯ ಓದನ್ನು, "ಮುದುಕಿಯಾಗೋ ಕಾಲಕ್ಕೆ ಮಗ್ಗಿ" ಎಂದು ಆಡಿಕೊಳ್ಳುತ್ತಿದ್ದವಳು ಬೆಕ್ಕಿನ ಕಥೆ ಮಾತ್ರ ಬಿಡುತ್ತಿರಲಿಲ್ಲ.

ಬರೆಯುವ ಕೆಲಸವನ್ನು ಆಯಾ ಇಟ್ಟುಕೊಂಡಿದ್ದು ಮಧ್ಯಾಹ್ನಕ್ಕೆ, ಶಿಶುವಿಹಾರದ ಮಕ್ಕಳು ಮಲಗಿದ ಹೊತ್ತಿಗೆ. ಪರದೆ ಎಳೆದ ಕೋಣೆ, ಸಾಲಾಗಿ ಹಾಸಿದ ಪುಟ್ಟ ಹಾಸಿಗೆಗಳು, ಒದ್ದೆ ಬಟ್ಟೆ ಮತ್ತು ಪೌಡರಿನ ವಾಸನೆ. ಅಲ್ಲಿ ಅವಳದೊಂದು ಪದ್ಧತಿಯಿತ್ತು. ಮಲಗಿದ ಮಗುವನ್ನು ಬಾಗಿಲಲ್ಲಿ ನಿಂತು ನೋಡಿ ಸುಮ್ಮನಾಗುವವಳಲ್ಲ ಅವಳು. ಹಾಸಿಗೆಯಿಂದ ಹಾಸಿಗೆಗೆ ಮಂಡಿಯೂರಿ ಹೋಗಿ ಒಂದೊಂದು ಮಗುವಿನ ಬೆನ್ನ ಮೇಲೂ ಅಂಗೈ ಇಟ್ಟು, ಉಸಿರು ಕೈಗೆ ತಾಗಿದ ಮೇಲೆಯೇ ಮುಂದಿನದಕ್ಕೆ ಹೋಗುವುದು. ಹೊಸ ಹುಡುಗಿಯರು ನಕ್ಕರೆ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರು ಸುಮ್ನೆ ಹೇಳಿಲ್ಲ" ಎನ್ನುತ್ತಿದ್ದಳು. ಇಷ್ಟು ತಿಳಿದವಳೇ ಮುಂದೆ ಏನು ಮಾಡಿದಳು ನೋಡಿ.

ಪರೀಕ್ಷೆ ಹತ್ತಿರ ಬಂದ ಒಂದು ಬುಧವಾರ ಬೆಕ್ಕಿನಕ್ಕನ ದನಿ ಬಂತು. ದನಿಯಲ್ಲಿ ನಗುವಿತ್ತು, ಆದರೆ ಉಸಿರು ತುಂಡುತುಂಡಾಗಿತ್ತು. "ಆಯಾ, ಎರಡು ದಿನದಿಂದ ತಲೆ ಗಿರ್ ಅಂತಿದೆ ಕಣೆ. ಈ ವಾರದ್ದು ನೀನೇ ಏನಾದ್ರೂ ಗೀಚಿ ಹಾಕ್ಬಿಡು. ಬೆಕ್ಕಿಗೆ ಮಾತ್ರ ಕೆಟ್ಟ ಹೆಸರು ತರಬೇಡ."

ಆಯಾ ಗುರುವಾರ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ಮಾಡಿದಳು, ಕೆಲಸಕ್ಕೆ ಬಂದ ಮೇಲೆ ಇನ್ನೊಮ್ಮೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮಲಗಿರಬೇಕು ಪಾಪ, ಎಂದುಕೊಂಡು ತಾನೇ ಬರೆದಳು. ಆ ವಾರದ ವಿಷಯ, ನನ್ನ ಕೋಣೆ. ಬೆಕ್ಕು ಕಾಜಾದ ಕತ್ತರಿಯನ್ನು ಮಂಚದಡಿಗೆ ತಳ್ಳಿ, ಆಮೇಲೆ ತಾನೂ ಹುಡುಕುವ ಹಾಗೆ ನಟಿಸಿತು ಎಂದು ಒಂದು ಕಥೆ ಕಟ್ಟಿದಳು. ಬೆಕ್ಕಿನಕ್ಕನ ಹೆಸರಿನಲ್ಲಿ ಒಳಗೆ ಹೋಗಿ ಹಾಕಿದಳು. ಹೆಸರಿನ ಪಕ್ಕ ಹಸಿರು ಚುಕ್ಕೆ ಬೆಳಗಿತು. ಆಮೇಲೆ ತನ್ನ ಹೆಸರಿನಲ್ಲಿ ಬಂದು, ಅಕ್ಕ, ನಿಮ್ಮ ಬೆಕ್ಕನ್ನು ನಾಟಕಕ್ಕೆ ಸೇರಿಸಿ ಎಂದು ಕೆಳಗೆ ಬರೆದಳು. ಕಂಡಕ್ಟರ್ ನಗುವ ಮುಖ ಒತ್ತಿದ. ಪಾಠದ ಮೇಡಂ ಬಂದು, ನಿಮ್ಮ ಶೈಲಿ ವಾರದಿಂದ ವಾರಕ್ಕೆ ಪಳಗುತ್ತಿದೆ ಎಂದು ಹೊಗಳಿದಳು. ಹೊಗಳಿಕೆ ಯಾರ ಹೆಸರಿಗೆ ಬಂದರೂ ಬರೆದವಳ ಹೊಟ್ಟೆ ತಂಪಾಗದೇ ಇರುತ್ತದೆಯೇ? ಆಯಾ ಹಿಗ್ಗಿದಳು.

ಸಂಜೆ ಅದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ನಗಲಿಲ್ಲ.

"ಇದು ಅವಳ ಬೆಕ್ಕಲ್ಲ" ಎಂದಳು.

"ಅವರದೇ ಅತ್ತೆ. ಹೇಳಿ ಬರೆಸಿದ್ರು."

"ಅವಳ ಬೆಕ್ಕು ಯಾವತ್ತೂ ನಟನೆ ಮಾಡಲ್ಲ. ತಪ್ಪು ಮಾಡಿ ಎದುರಿಗೇ ನಿಂತ್ಕೊಳ್ಳತ್ತೆ. ಅದಿರ್ಲಿ, ಅವಳ ದನಿ ಎಲ್ಲಿ? ದನಿ ಹಾಕು, ಕೇಳೋಣ."

"ಹುಷಾರಿಲ್ಲ ಅಂತೆ."

"ಹುಷಾರಿಲ್ಲ ಅಂದ್ರೆ ನೋಡ್ಕೊಳ್ಳೋರು ಯಾರಿದ್ದಾರೆ ಅಲ್ಲಿ?" ಎಂದಳು ಅತ್ತೆ. ಆಯಾ ಪಾತ್ರೆ ತೊಳೆಯಲು ಎದ್ದುಹೋದಳು.

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದವು. ಉತ್ತರಗಳನ್ನು ನೋಡೋಣವೆಂದು ಆಯಾ ಬೆಕ್ಕಿನಕ್ಕನ ಹೆಸರಿನಲ್ಲಿ ಅಂಗಳಕ್ಕೆ ಹೋದಳು. ಅಲ್ಲಿ ಹೊಸದೊಂದು ಖಾಸಗಿ ಸಂದೇಶ ಕಾದಿತ್ತು. ಬೆರಳು ತಾಗಿತು, ಅದು ತೆರೆದುಕೊಂಡಿತು. ಬೆಕ್ಕಿನಕ್ಕನ ತಮ್ಮ ಬರೆದಿದ್ದ. ಅವನು ಹಡಗಿನಲ್ಲಿ ಅಡುಗೆಯವನು. ನನ್ನ ಹೆಂಡತಿಯ ಜೊತೆ ಬಂದು ಇರು ಎಂದು ಅವನು, ಅಲ್ಲಿ ನನ್ನ ಬೆಕ್ಕಿಗೆ ಜಾಗವಿಲ್ಲ ಎಂದು ಅವಳು, ಹೀಗೆ ಹೋದ ತಿಂಗಳು ಜಗಳವಾಗಿ ಮಾತು ನಿಂತಿತ್ತು. ಅದೂ ಆಯಾಗೆ ಗೊತ್ತಿದ್ದ ವಿಷಯವೇ.

"ಅಕ್ಕ, ಎರಡು ದಿನದಿಂದ ಫೋನ್ ಮಾಡ್ತಿದ್ದೀನಿ, ಎತ್ತಲ್ಲ. ಗಾಬರಿಯಾಗಿ ಮನೆ ಓನರ್‌ಗೆ ಹೇಳಿ ಬಾಗಿಲು ತಟ್ಟಿಸೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನೆ ನೀನು ಸ್ಕೂಲಿನ ಪುಟದಲ್ಲಿ ಬರೆದಿದ್ದು ಕಾಣಿಸ್ತು. ಕತ್ತರಿ ಕಥೆ ಓದಿ ನಕ್ಕೆ. ನನ್ನ ಮೇಲೆ ಕೋಪಾನಾ? ಒಂದು ಮಾತು ಬರಿ ಸಾಕು."

ಆಯಾ ಒಳ್ಳೆಯವಳು, ಮೊದಲು ಅವಳ ಬೆರಳು ಹೋದದ್ದು ಸರಿಯಾದ ಕಡೆಗೇ. ನಾನು ನಿಮ್ಮ ಅಕ್ಕ ಅಲ್ಲ, ಎಂದು ಟೈಪು ಮಾಡಿದಳು. ಅಷ್ಟು ಬರೆದು ಕೈ ನಿಂತಿತು. ಇದನ್ನು ಕಳಿಸಿದರೆ ಅವನು ಯಾರು ನೀನು ಎನ್ನುತ್ತಾನೆ, ಶಾಲೆಗೆ ಬರೆಯುತ್ತಾನೆ. ಒಬ್ಬರ ಹಾಜರಿ ಇನ್ನೊಬ್ಬರು ಹಾಕಿದ್ದು ಬಯಲಾದರೆ ಗುಂಪೇ ರದ್ದು. ಒಡತಿಯ ಮುಖ, ಡಿಪೋದ ಕುರ್ಚಿ, ಬಾಣಂತಿಯ ಕೂಸು ಎಲ್ಲವೂ ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಅಕ್ಕ ತಮ್ಮನ ಮೇಲೆ ಮುನಿಸಿಕೊಂಡು ಫೋನು ಎತ್ತುತ್ತಿಲ್ಲ, ಅಷ್ಟೇ ಇರಬೇಕು. ಸೋಮವಾರ ಅಕ್ಕನೇ ಮಾತಾಡಲಿ, ನಡುವೆ ನಾನ್ಯಾರು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿ ಹೊರಗೆ ಬಂದಳು.

ಆಮೇಲೆ ಎದ್ದು ಹಾಸಿಗೆಗಳ ಸಾಲಿನಲ್ಲಿ ಮಂಡಿಯೂರಿ ಹೋಗಿ ಪ್ರತಿ ಮಗುವಿನ ಬೆನ್ನ ಮೇಲೂ ಕೈಯಿಟ್ಟು ನೋಡಿದಳು. ಎಲ್ಲವೂ ಉಸಿರಾಡುತ್ತಿದ್ದವು.

ಭಾನುವಾರ ಫೋನು ಮಾಡಿದರೆ ಸ್ವಿಚ್ ಆಫ್ ಎಂದಿತು. ಸೋಮವಾರವೂ ಅದೇ ಮಾತು. ಆಯಾ ಕಂಡಕ್ಟರಿಗೆ ಹೇಳಿದಳು. ಅವನು ಬಸ್ಸಿನ ಗದ್ದಲದಲ್ಲೇ ಉತ್ತರ ಕೊಟ್ಟ. "ಆ ಡಬ್ಬಾ ಫೋನು ಕೊನೆಗೂ ಕೆಟ್ಟಿರತ್ತೆ ಆಯಾ. ನೀವು ಸುಮ್ನೆ ತಲೆ ಕೆಡಿಸ್ಕೋಬೇಡಿ. ಈ ಒಂದು ವಾರ ದಾಟಿದ್ರೆ ಪರೀಕ್ಷೆ. ಹಾಕ್ಬಿಡಿ."

"ಯಾರಾದ್ರೂ ಹೋಗಿ ನೋಡ್ಬೇಕಲ್ವಾ?"

"ಅವರ ಅಡ್ರೆಸ್ ಯಾರ ಹತ್ರ ಇದೆ?" ಎಂದ ಅವನು.

ನಿಜ. ಬೆಕ್ಕಿನ ಮೀಸೆಯ ಬಣ್ಣ ಗೊತ್ತಿದ್ದವರಿಗೆ ಬೀದಿಯ ಹೆಸರು ಗೊತ್ತಿರಲಿಲ್ಲ. ಪಾಠದ ಮೇಡಂ ಬಳಿ ಇತ್ತು; ಕೇಳಿದರೆ ಯಾಕೆ ಎನ್ನುತ್ತಿದ್ದಳು. ಆಯಾ ಕೇಳಲಿಲ್ಲ. ಆ ವಾರವೂ ಬರೆದಳು. ಈ ಸಲ ಬೆಕ್ಕು ಬೀದಿ ಬೆಕ್ಕುಗಳೊಂದಿಗೆ ಜಗಳವಾಡಿ ಬಾಲ ಸುರುಳಿ ಸುತ್ತಿಕೊಂಡು ಬಂದು ಅಕ್ಕನ ತೊಡೆಯ ಮೇಲೆ ಮಲಗಿತು. ಮೊದಲಿನಷ್ಟು ಸಲೀಸಾಗಿ ಬರಲಿಲ್ಲ ಬರಹ. ಆದರೂ ಹಸಿರು ಚುಕ್ಕೆ ಬೆಳಗಿತು, ಗುಂಪು ಉಳಿಯಿತು.

ಪರೀಕ್ಷೆಗೆ ಮುಂಚಿನ ಕೊನೆಯ ವಿಡಿಯೊ ಪಾಠಕ್ಕೆ ಎಲ್ಲರೂ ಸೇರಿದಾಗ ಪಾಠದ ಮೇಡಂ ಕಣ್ಣು ಕೆಂಪಾಗಿತ್ತು. ಪರದೆಯ ಮೂಲೆಯ ಚೌಕದಲ್ಲಿ ಬೋಳುತಲೆಯ, ಬಿಸಿಲಿಗೆ ಸುಟ್ಟ ಮುಖದ ಒಬ್ಬ ಗಂಡಸು ಕೂತಿದ್ದ. ಅವನ ಹಿಂದಿದ್ದ ಹೊಲಿಗೆ ಮಷೀನನ್ನು ಆಯಾ ನೋಡಿದ ಕೂಡಲೇ ಗುರುತಿಸಿದಳು.

"ನಮ್ಮ ಬೆಕ್ಕಿನಕ್ಕ ಹೋಗ್ಬಿಟ್ರು. ಇವರು ಅವರ ತಮ್ಮ" ಎಂದಳು ಮೇಡಂ.

ಬಾಣಂತಿ ಬಾಯಿಗೆ ಸೆರಗು ಒತ್ತಿಕೊಂಡಳು. ತಮ್ಮ ನಿಧಾನವಾಗಿ, ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿದ. ಅಕ್ಕ ಸ್ಟೂಲಿನಿಂದ ಎದ್ದವಳು ತಲೆಸುತ್ತಿ ಬಿದ್ದಿದ್ದಾಳೆ, ಸೊಂಟ ಮುರಿದಿದೆ. ಫೋನು ಮಷೀನಿನ ಮೇಲೆ ಇತ್ತು, ಕೈಗೆ ಎಟುಕಿಲ್ಲ. ಮನೆ ಓನರ್ ಆ ಶನಿವಾರವೇ ಬೆಕ್ಕು ಕಿಟಕಿಯಿಂದ ಕೆಳಗೆ ಬಂದು ಕೂಗುತ್ತಿದ್ದದ್ದನ್ನು ನೋಡಿ ಅವನಿಗೆ ಫೋನು ಮಾಡಿದ್ದ. ಬಾಗಿಲು ಒಡೆಯಲೇ ಎಂದೂ ಕೇಳಿದ್ದ.

"ಬೇಡ ಅಂದೆ. ನಾನೇ ಅಂದೆ. ಅವಳು ಸ್ಕೂಲಿನ ಪುಟದಲ್ಲಿ ಬರೀತಿದ್ದಾಳೆ, ಆಯಾ ಅಂತ ಒಬ್ಬರು ಗೆಳತಿ ಇದ್ದಾರೆ, ಓದೋಕೆ ಅಲ್ಲಿಗೇ ಹೋಗಿರ್ತಾಳೆ ಅಂದೆ. ಕೊನೆಗೆ ಬಾಗಿಲು ಒಡೆದಾಗ ಎಲ್ಲ ಮುಗಿದಿತ್ತು. ಡಾಕ್ಟರು ಹೇಳ್ತಾರೆ, ಬಿದ್ದ ಮೇಲೂ ಎರಡು ಮೂರು ದಿನ ಜೀವ ಇತ್ತಂತೆ. ಬಿದ್ದಿದ್ದು ಗುರುವಾರ ಅಂತಾರೆ. ಅದು ಹೇಗೆ ಸಾಧ್ಯ? ಶುಕ್ರವಾರ ಬರೆದಿದ್ದಾಳೆ. ಶನಿವಾರ ನನ್ನ ಮೆಸೇಜು ಓದಿದ್ದಾಳೆ. ಉತ್ತರ ಬರೆಯೋಕೂ ಶುರು ಮಾಡಿದ್ಲು, ಬರೀತಿದ್ದಾರೆ ಅಂತ ತೋರಿಸ್ತಿತ್ತು. ನಾನು ಅಲ್ಲಿ ಅಡುಗೆ ಮನೇಲಿ ಕೆಲಸ ಬಿಟ್ಟು ನೋಡ್ತಾ ನಿಂತಿದ್ದೆ. ಆಮೇಲೆ ನಿಂತೋಯ್ತು. ಇನ್ನೂ ಕೋಪ ಇದೆ, ಇರ್ಲಿ, ಅಂದ್ಕೊಂಡೆ. ಅದಾದ ಮೇಲೂ ಒಂದು ಕಥೆ ಹಾಕಿದ್ದಾಳೆ. ಡಾಕ್ಟರೇ ತಪ್ಪು ಹೇಳ್ತಿರಬೇಕು."

ಆಯಾಳ ಮೈಕು ಬಂದಾಗಿತ್ತು. ಅವಳ ತಲೆಯಲ್ಲಿ ಒಂದೇ ಸದ್ದು: ಗುರುವಾರದ, ಶುಕ್ರವಾರದ ತನ್ನದೇ ರಿಂಗು. ಆ ಕೋಣೆಯಲ್ಲಿ ಮಷೀನಿನ ಮೇಲೆ ಅದು ಮೊಳಗುತ್ತಲೇ ಇತ್ತು, ಕೆಳಗೆ ನೆಲದ ಮೇಲೆ ಬಿದ್ದವಳು ಕೇಳುತ್ತಲೇ ಇದ್ದಳು. ಆಯಾ ಕರೀತಿದ್ದಾಳೆ, ಎತ್ತದಿದ್ದರೆ ಯಾರನ್ನಾದರೂ ಕಳಿಸುತ್ತಾಳೆ, ಎಂದು ನೆಚ್ಚಿಕೊಂಡೇ ಮಲಗಿದ್ದಿರಬೇಕು.

ಫೋನಿನ ತುದಿಯಲ್ಲಿ ಕಂಡಕ್ಟರಿನ ಖಾಸಗಿ ಸಂದೇಶ ಮಿಣುಕಿತು. "ದಯವಿಟ್ಟು ಸುಮ್ಮನಿರಿ. ಹೋದವರು ವಾಪಸ್ ಬರಲ್ಲ."

"ಆಯಾ ಅಂದ್ರೆ ನೀವೇನಾ?" ಎಂದು ಕೇಳಿದ ತಮ್ಮ. "ಅಕ್ಕ ನಿಮ್ಮ ವಿಷಯ ತುಂಬ ಹೇಳ್ತಿದ್ಲು. ಥ್ಯಾಂಕ್ಸ್ ಅಮ್ಮ. ಒಂಟಿ ಹೆಂಗಸಿಗೆ ಜೊತೆಯಾಗಿದ್ರಿ."

ಆಯಾ ಕೈ ಮುಗಿದಳು. ಅದೊಂದೇ ಅವಳಿಗೆ ಆದದ್ದು.

ಪರೀಕ್ಷೆ ಬರೆದಳು. ಒಳ್ಳೆಯದಾಗಿಯೇ ಬರೆದಳು, ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಗುಂಪಿಗೆಲ್ಲ ಒಂದೇ ಪರೀಕ್ಷಾ ಕೇಂದ್ರ; ಪಕ್ಕದ ಖಾಲಿ ಬೆಂಚಿನ ಮೇಲೆ ಬೆಕ್ಕಿನಕ್ಕನ ಸಂಖ್ಯೆ ಅಂಟಿಸಿದ್ದರು. ಶಿಶುವಿಹಾರದಲ್ಲಿ ಈಗ ಅವಳು ಮಕ್ಕಳ ಬೆನ್ನು ಒಂದು ಸಲ ಮುಟ್ಟಿ ಮುಗಿಸುತ್ತಿರಲಿಲ್ಲ. ಸಾಲಿನ ಕೊನೆ ಮುಟ್ಟಿದವಳು ಮತ್ತೆ ಮೊದಲಿನಿಂದ ಬರುತ್ತಿದ್ದಳು, ಮಕ್ಕಳಿಗೆ ಎಚ್ಚರವಾಗಿ ಅಳುತ್ತಿದ್ದವು. ಒಡತಿ ಗದರಿದಳು. ಮನೆಯಲ್ಲಿ ಅತ್ತೆ ಬೆಕ್ಕಿನ ಮಾತೆತ್ತುವುದನ್ನೇ ಬಿಟ್ಟಳು. ಒಂದು ಸಲ ಮಾತ್ರ, "ಆ ಬೆಕ್ಕು ಕೂಗಿತ್ತಂತಲ್ಲ. ಅದಕ್ಕಾದರೂ ಗೊತ್ತಾಯ್ತು" ಎಂದಳು. ಬೈದಿದ್ದರೆ ಆಯಾಗೆ ಎಷ್ಟೋ ಹಗುರವಾಗುತ್ತಿತ್ತು.

ಫಲಿತಾಂಶಕ್ಕೆ ಇನ್ನೂ ಕೆಲವು ದಿನವಿತ್ತು. ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಆಯಾಳ ಫೋನು ನಡುಗಿತು. ಬೆಕ್ಕಿನಕ್ಕನ ಹೆಸರಿನಲ್ಲಿ ಅಂಗಳ ಅದರಲ್ಲಿ ಇನ್ನೂ ತೆರೆದೇ ಇತ್ತು. ಮುಚ್ಚಲು ಅವಳಿಗೆ ಕೈ ಬಂದಿರಲಿಲ್ಲ. ತಮ್ಮನ ಸಂದೇಶದ ಮೊದಲ ಸಾಲು ಪರದೆಯ ಮೇಲೆ ಕಾಣಿಸಿತು.

"ಅಕ್ಕ, ಅವತ್ತು ಏನು ಬರೆದು ಅಳಿಸಿದೆ?"

ಸತ್ತವಳಿಗೆ ಬರೆಯುತ್ತಿದ್ದ ಅವನು. ಮೇಲಕ್ಕೆ ಸರಿಸಿ ನೋಡಿದರೆ ದಿನವೂ ಬರೆದಿದ್ದ. ನನ್ನನ್ನು ಬೈದು ಬರೆದಿದ್ದೆಯಾ? ಬೈದಿದ್ದರೂ ಕಳಿಸಬಾರದಿತ್ತೇ? ಕೋಪ ಹೊತ್ತುಕೊಂಡೇ ಹೋದೆಯಲ್ಲ ಅಕ್ಕ. ಹೆಂಡತಿ ಸಮಾಧಾನ ಮಾಡ್ತಾಳೆ, ನಿದ್ದೆ ಬರಲ್ಲ. ಇವತ್ತು ಬೆಕ್ಕನ್ನು ನಮ್ಮ ಮನೆಗೆ ಕರಕೊಂಡು ಬಂದೆ. ಜಾಗ ಇದೆ ಅಕ್ಕ.

ಆಯಾ ಓದಿದಳು. ಓದಿದ್ದು ಅಲ್ಲಿ ಅವನಿಗೆ ತಿಳಿಯುತ್ತದೆ ಎಂಬುದು ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಓದಿದಳು.

ಒಂದು ಸಾಲು ಬರೆದರೆ ಸರ್ಟಿಫಿಕೇಟು ಹೋಗುತ್ತದೆ, ಕೆಲಸ ಹೋಗುತ್ತದೆ. ಕಂಡಕ್ಟರ್, ಬಾಣಂತಿ ಇಬ್ಬರ ವರ್ಷವೂ ಮಣ್ಣುಪಾಲಾಗುತ್ತದೆ. ಅವರ ಕಾಲು ಹಿಡಿದರೂ ಕ್ಷಮಿಸಲಿಕ್ಕಿಲ್ಲ. ಅವನ ಅಕ್ಕ ಅವನ ಮೇಲೆ ಕೋಪದಲ್ಲಿ ಏನನ್ನೂ ಬರೆಯಲಿಲ್ಲ ಎಂಬುದು ಅವನಿಗೆ ತಿಳಿಯುತ್ತದೆ. ಅದೇ ಉಸಿರಿಗೆ, ಆ ಶನಿವಾರ ಅವಳು ನೆಲದ ಮೇಲೆ ಜೀವಂತ ಬಿದ್ದಿದ್ದಳು, ಬಾಗಿಲು ಒಡೆದಿದ್ದರೆ ಉಳಿಯುತ್ತಿದ್ದಳು ಎಂಬುದೂ ತಿಳಿಯುತ್ತದೆ. ಒಂದು ಮುಳ್ಳು ಕಿತ್ತು ಅಲ್ಲೇ ಗೂಟ ಬಡಿದ ಹಾಗೆ. ಬರೆಯದಿದ್ದರೆ ಅವನು ಹೀಗೇ ದಿನವೂ ಸತ್ತವಳ ಬಾಗಿಲು ತಟ್ಟುತ್ತಿರುತ್ತಾನೆ, ಒಳಗೆ ಕೂತು ಕೇಳಿಸಿಕೊಳ್ಳುವವಳು ಆಯಾ.

ಅವಳು ಅವತ್ತಿನ ಸಾಲನ್ನೇ ಮತ್ತೆ ಬರೆದಳು. ನಾನು ನಿಮ್ಮ ಅಕ್ಕ ಅಲ್ಲ. ಅದರ ಕೆಳಗೆ ಇನ್ನೊಂದು: ಅವತ್ತು ಬರೆದು ಅಳಿಸಿದವಳೂ ನಾನೇ, ಆಯಾ. ಆಮೇಲೆ ಕಳಿಸಿದಳು.

ತಕ್ಷಣ ಅವನು ಓದಿದ. ಪರದೆಯ ಕೆಳಗೆ, ಬರೆಯುತ್ತಿದ್ದಾರೆ ಎಂದು ಮೂಡಿತು. ಅಳಿಸಿಹೋಯಿತು. ಮತ್ತೆ ಮೂಡಿತು, ಬಹಳ ಹೊತ್ತು ಇತ್ತು, ಮತ್ತೆ ಹೋಯಿತು. ಆಯಾ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಪಕ್ಕದಲ್ಲಿ ಮಲಗಿದ್ದ ಮಗುವಿನ ಬೆನ್ನ ಮೇಲಿಟ್ಟು ಕಾದಳು. ಮಕ್ಕಳು ಒಂದೊಂದಾಗಿ ಎದ್ದು ಅವಳ ಸೆರಗು ಎಳೆಯುವವರೆಗೂ ಕಾದಳು. ಉತ್ತರ ಬರಲಿಲ್ಲ.